ಅರಬ್ಬಿ ಕಲಿಯುವುದೆಂದರೆ ಯಾವ ಅರಬ್ಬಿ?

ಇಪ್ಪತ್ತೈದರ ಆಸುಪಾಸಿನ ಸಂಶೋಧನ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯದ ಅರಬ್ಬಿ ತರಗತಿಗೆ ಹೋದ ಮೊದಲ ದಿನ ಮಾಡುವ ಕೆಲಸ ಒಂದನೇ ತರಗತಿಯ ಮಗುವಿನದೇ. ಅಲಿಫ್, ಬಾ, ತಾ ಎಂದು ಬಾಯಲ್ಲಿ ಹೇಳುತ್ತ ಬಲದಿಂದ ಎಡಕ್ಕೆ ಅಕ್ಷರ ತಿದ್ದುವುದು. ಅವನ ಬಳಿ ಎಂ.ಎ. ಪದವಿ ಇರುತ್ತದೆ. ತನ್ನ ವಿಷಯದಲ್ಲಿ ನಾಲ್ಕು ಜನರೆದುರು ವಾದ ಮಾಡಬಲ್ಲ. ಆದರೆ ‘ಇದು ಬಾಗಿಲು, ಅದು ಕಿಟಕಿ’ ಎಂದು ಹೇಳಲು ಆ ದಿನ ಅವನಿಗೆ ಮಾತಿಲ್ಲ. ಪಕ್ಕದಲ್ಲಿ ಕೂತ ಹದಿನೆಂಟರ ಹುಡುಗಿ ತನಗಿಂತ ಬೇಗ ಪದಗಳನ್ನು ಕಂಠಪಾಠ ಮಾಡುತ್ತಿದ್ದಾಳೆ ಎಂಬುದೂ ಅವನ ಗಮನಕ್ಕೆ ಬರುತ್ತದೆ.

ಇಷ್ಟು ತಡವಾಗಿ ಕಲಿಯಲು ಕಾರಣವಿದೆ. ಅರಬ್ಬಿ, ಪಾರಸಿ, ಚೀನಿ ಮುಂತಾದ ಭಾಷೆಗಳು ನಮ್ಮಲ್ಲಾಗಲಿ ಯೂರೋಪಿನಲ್ಲಾಗಲಿ ಹೆಚ್ಚಿನ ಶಾಲೆಗಳಲ್ಲಿ ಇಲ್ಲ. ಅವು ಬೇಕು ಎಂದು ತಿಳಿಯುವುದು ಸಂಶೋಧನೆಯ ವಿಷಯವನ್ನು ಆರಿಸಿಕೊಂಡ ಮೇಲೆ. ಹಿಂದೂ ಮಹಾಸಾಗರದ ವ್ಯಾಪಾರ, ಮಧ್ಯಯುಗದ ವೈದ್ಯ, ಬೀಜಗಣಿತದ ಚರಿತ್ರೆ, ಈಜಿಪ್ಟಿನ ಒಂದು ಹಳ್ಳಿ, ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ಆಕರಗಳು ಅರಬ್ಬಿಯಲ್ಲಿ ಎದುರಾಗುತ್ತವೆ. ಕೆಲವಕ್ಕೆ ಅನುವಾದಗಳಿವೆ. ಆದರೆ ‘ಮೂಲವನ್ನು ಓದಿದ್ದೀರಾ?’ ಎಂಬ ಮಾರ್ಗದರ್ಶಕರ ಪ್ರಶ್ನೆಯನ್ನು ಅನುವಾದ ತೋರಿಸಿ ದಾಟಲಾಗದು. ವಿದ್ಯಾರ್ಥಿವೇತನ ಮೂರೋ ನಾಲ್ಕೋ ವರ್ಷದ್ದು. ಅದರಲ್ಲಿ ದೊಡ್ಡ ಪಾಲು ಭಾಷೆಗೇ ಹೋಗುತ್ತದೆ. ಹಾಗಾಗಿ ಅರಬ್ಬಿ ಕಷ್ಟವೋ ಸುಲಭವೋ ಎಂಬುದು ಅವನಿಗೆ ಎರಡನೆಯ ಮಾತು. ಮೊದಲು ಕಲಿಯಬೇಕಾದದ್ದು ಯಾವ ಅರಬ್ಬಿ ಎಂಬುದೇ ಮುಖ್ಯ. ಏಕೆಂದರೆ ಆ ಒಂದು ಹೆಸರಿನ ಕೆಳಗೆ ಹಲವು ಭಾಷೆಗಳಿವೆ.

ಎಲುಬು ಮಾತ್ರ ಬರೆಯುವ ಲಿಪಿ

ಹೊರಗಿನವರಿಗೆ ಭಯ ಹುಟ್ಟಿಸುವುದು ಲಿಪಿ. ನಿಜಕ್ಕೂ ಅದು ಅಷ್ಟು ಕಷ್ಟದ್ದಲ್ಲ. ಇರುವುದು 28 ಅಕ್ಷರಗಳು. ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಬಂದಾಗ ಒಂದೊಂದರ ಆಕಾರ ಸ್ವಲ್ಪ ಬದಲಾಗುತ್ತದೆ. ಆರು ಅಕ್ಷರಗಳು ತಮ್ಮ ಮುಂದಿನ ಅಕ್ಷರಕ್ಕೆ ಕೈ ಚಾಚುವುದಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಬಾಲ್ಯದಲ್ಲೇ ದಾಟಿ ಬಂದವರಿಗೆ ಇದು ಕೆಲವು ವಾರಗಳ ಕೆಲಸ.

ಕಷ್ಟ ಬರುವುದು ಆಮೇಲೆ. ಅರಬ್ಬಿಯ ಬರಹದಲ್ಲಿ ವ್ಯಂಜನಗಳೂ ದೀರ್ಘಸ್ವರಗಳೂ ಮಾತ್ರ ಇರುತ್ತವೆ. ಅ, ಇ, ಉ ಎಂಬ ಹ್ರಸ್ವಸ್ವರಗಳಿಗೆ ಅಕ್ಷರದ ಮೇಲೆ, ಕೆಳಗೆ ಹಾಕುವ ಗುರುತುಗಳೇನೋ ಇವೆ. ಆದರೆ ಅವನ್ನು ಹಾಕುವುದು ಕುರಾನಿನಲ್ಲಿ, ಮಕ್ಕಳ ಪುಸ್ತಕದಲ್ಲಿ, ಹೊಸಬರ ಪಾಠದಲ್ಲಿ. ವೃತ್ತಪತ್ರಿಕೆ, ಕಾದಂಬರಿ, ಕಾಗದಪತ್ರಗಳಲ್ಲಿ ಅವು ಇರುವುದಿಲ್ಲ. ವ್ಯಂಜನದ ದ್ವಿತ್ವವನ್ನು ತೋರಿಸುವ ಚಿಹ್ನೆಯನ್ನೂ ಸಾಮಾನ್ಯವಾಗಿ ಬಿಟ್ಟೇ ಬರೆಯುತ್ತಾರೆ.

ಕನ್ನಡದಲ್ಲೇ ಹೀಗೆ ಬರೆದರೆ ಏನಾಗುತ್ತದೆ ನೋಡಿ. ‘ಕ್’ ಮತ್ತು ‘ಲ್’ ಎಂಬ ಎರಡು ವ್ಯಂಜನಗಳನ್ನಷ್ಟೇ ಕಾಗದದ ಮೇಲೆ ಇಟ್ಟರೆ ಅದು ಕಲೆ ಆಗಬಹುದು, ಕೊಲೆ ಆಗಬಹುದು, ಕುಲ ಆಗಬಹುದು, ಕಲಿ, ಕೆಲ ಏನೂ ಆಗಬಹುದು. ದ್ವಿತ್ವವೂ ಕಾಣದು ಎಂದಾದರೆ ಕಲ್ಲು, ಕೊಲ್ಲು ಕೂಡ ಸೇರಿಕೊಳ್ಳುತ್ತವೆ. ‘ಅವನು ದೊಡ್ಡ ಕ್-ಲ್-ಗಾರ’ ಎಂದಿದ್ದರೆ ಕಲೆಗಾರನೋ ಕೊಲೆಗಾರನೋ ಎಂಬುದನ್ನು ಹಿಂದು ಮುಂದಿನ ವಾಕ್ಯ ನೋಡಿಯೇ ತೀರ್ಮಾನಿಸಬೇಕು. ಅರಬ್ಬಿಯ ಓದುಗ ದಿನವೂ ಮಾಡುವ ಕೆಲಸ ಇದೇ. ಕ, ತ, ಬ ಎಂಬ ಮೂರು ಅಕ್ಷರಗಳನ್ನು ‘ಕತಬ’ ಎಂದು ಓದಿದರೆ ‘ಬರೆದನು’, ‘ಕುತಿಬ’ ಎಂದರೆ ‘ಬರೆಯಲಾಯಿತು’, ‘ಕುತುಬ್’ ಎಂದರೆ ‘ಪುಸ್ತಕಗಳು’. ಬೇರೆ ಭಾಷೆಯವರು ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಅರಬರು ಅರ್ಥ ಮಾಡಿಕೊಂಡು ಓದುತ್ತಾರೆ ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ಉಚ್ಚಾರಣೆಯಲ್ಲಿ ಕನ್ನಡಿಗನಿಗೆ ಒಂದು ಅನುಕೂಲವಿದೆ. ಕರು ಬೇರೆ, ಕಾರು ಬೇರೆ. ಕಡಿ ಬೇರೆ, ಕಡ್ಡಿ ಬೇರೆ ಎಂಬುದು ನಮ್ಮ ಕಿವಿಗೆ ಹುಟ್ಟಿನಿಂದ ಬಂದದ್ದು. ಅರಬ್ಬಿಯಲ್ಲೂ ‘ದರಸ’ ಎಂದರೆ ‘ಕಲಿತನು’, ‘ದರ್ರಸ’ ಎಂದರೆ ‘ಕಲಿಸಿದನು’. ಇಂಗ್ಲಿಷಿನವರು ಈ ಹ್ರಸ್ವ-ದೀರ್ಘ, ಒಂಟಿ-ಜೋಡಿ ವ್ಯತ್ಯಾಸಕ್ಕೆ ಕಿವಿಯನ್ನು ಹೊಸದಾಗಿ ಪಳಗಿಸಬೇಕು. ಗಂಟಲಿನ ಆಳದಿಂದ ಹೊರಡುವ ‘ಐನ್’, ‘ಹಾ’ ಮುಂತಾದ ಧ್ವನಿಗಳ ಮುಂದೆ ಮಾತ್ರ ನಾವೂ ಅವರೂ ಒಂದೇ. ಇನ್ನೊಂದು ಕಡೆಯಿಂದ ನೋಡಿದರೆ, ನಮ್ಮ ಪ, ಚ, ಟ, ಣ, ಳಗಳಿಗೆ ಗ್ರಾಂಥಿಕ ಅರಬ್ಬಿಯಲ್ಲಿ ಅಕ್ಷರವೇ ಇಲ್ಲ. ಗಕಾರವೂ ಇಲ್ಲ. ಹಳೆಯ ಅರಬ್ಬಿ ಬರಹಗಳಲ್ಲಿ ಮಂಗಳೂರು ‘ಮಂಜರೂರ್’ ಆಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ತಹಸೀಲ್ದಾರರ ಕಚೇರಿಯಲ್ಲಿ ಅರಬ್ಬಿ ವ್ಯಾಕರಣ

ಬರಹದಲ್ಲಿ ಎಲುಬು ಮಾತ್ರ ಇದ್ದರೂ ಓದು ಸಾಗುತ್ತದೆ ಎಂದರೆ ಅದಕ್ಕೆ ಆ ಭಾಷೆಯ ಪದರಚನೆಯೇ ಆಧಾರ. ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಧಾತುವನ್ನು ನಿರ್ದಿಷ್ಟ ಅಚ್ಚುಗಳಲ್ಲಿ ಎರಕ ಹೊಯ್ದಂತೆ ಕರ್ತೃ, ಕರ್ಮ, ಸ್ಥಳ, ಕ್ರಿಯೆ ಎಲ್ಲಕ್ಕೂ ಪದಗಳು ಸಿಗುತ್ತವೆ. ಇದನ್ನು ವಿವರಿಸಲು ಕೈರೋ ತನಕ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕು ಕಚೇರಿ ಸಾಕು.

‘ತಹಸೀಲ್’ ಎಂದರೆ ವಸೂಲು ಮಾಡುವುದು. ಹೀಗೆ ವಸೂಲಾಗಿ ಬಂದದ್ದು ‘ಮಹಸೂಲು’. ಎರಡರಲ್ಲೂ ಇರುವುದು ಹ-ಸ-ಲ ಎಂಬ ಒಂದೇ ಧಾತು. ‘ದಾರ್’ ಎಂಬ ಬಾಲ ಮಾತ್ರ ಪಾರಸಿಯದು. ‘ತಾಲ್ಲೂಕು’ ಮತ್ತು ‘ಇಲಾಖೆ’ ಎರಡೂ ‘ಅಂಟಿಕೊಂಡಿರು, ತೂಗಿಕೊಂಡಿರು’ ಎಂಬರ್ಥದ ಇನ್ನೊಂದು ಧಾತುವಿನ ಮಕ್ಕಳು. ‘ಬೇರ್ಪಡಿಸು’ ಎಂಬರ್ಥದ ಫ-ಸ-ಲ ಧಾತುವಿನಿಂದ ‘ಫಸಲು’ ಬಂತು, ತೀರ್ಪು ಎಂಬರ್ಥದ ‘ಫೈಸಲು’ ಬಂತು, ಬಿಡಿಸಿ ಹೇಳುವ ‘ತಪಶೀಲು’ ಕೂಡ ಬಂತು. ಕಚೇರಿಯಲ್ಲಿ ‘ಹಾಜರು’ ಇರುವವನೂ ಅವನು ಗೌರವದಿಂದ ಕರೆಯುವ ‘ಹುಜೂರ’ರೂ ಒಂದೇ ಧಾತುವಿನವರು.

ಈಗ ಅಚ್ಚುಗಳನ್ನು ಗಮನಿಸಿ. ಹಾಜರು, ಮಾಲಿಕ, ವಾರಸು, ಕಾಯಂ ಇವೆಲ್ಲ ಒಂದೇ ಅಚ್ಚಿನವು. ಮೊದಲ ವ್ಯಂಜನದ ಮುಂದೆ ದೀರ್ಘ ‘ಆ’. ಇದು ಮಾಡುವವನ, ಇರುವವನ ಅಚ್ಚು. ಒಡೆತನವುಳ್ಳವನು ಮಾಲಿಕ, ಆಸ್ತಿಗೆ ಉತ್ತರಾಧಿಕಾರಿಯಾದವನು ವಾರಸು, ನಿಂತಿರುವುದು ಕಾಯಂ. ಮಹಸೂಲು, ಮಾಮೂಲು, ಮಜಕೂರು, ಮಂಜೂರು ಇನ್ನೊಂದು ಅಚ್ಚಿನವು. ಮೊದಲಲ್ಲಿ ‘ಮ’, ಕೊನೆಯ ವ್ಯಂಜನದ ಹಿಂದೆ ದೀರ್ಘ ‘ಊ’. ಇದು ಕ್ರಿಯೆಗೆ ಒಳಗಾದದ್ದರ ಅಚ್ಚು. ‘ಮಾಮೂಲು’ ಎಂದರೆ ಮಾಡಲ್ಪಟ್ಟದ್ದು, ‘ಮಜಕೂರು’ ಎಂದರೆ ಹೇಳಲ್ಪಟ್ಟದ್ದು. ‘ಮಂಜೂರು’ ಎಂದರೆ ಮೂಲದಲ್ಲಿ ‘ನೋಡಲ್ಪಟ್ಟದ್ದು’ ಅಷ್ಟೇ. ‘ನಜರು’ ಅದರ ಒಡಹುಟ್ಟು. ಸಾಹೇಬರ ಕಣ್ಣಿಗೆ ಬಿದ್ದ ಅರ್ಜಿ ಮಂಜೂರಾಯಿತು ಎನ್ನೋಣ! ಈ ಎರಡು ಅಚ್ಚುಗಳನ್ನು ಹಿಡಿದುಕೊಂಡ ವಿದ್ಯಾರ್ಥಿ ತಾನು ಹಿಂದೆಂದೂ ಕಾಣದ ಪದದಲ್ಲೂ ಬಿಟ್ಟುಹೋದ ಸ್ವರಗಳನ್ನು ಬಹುಮಟ್ಟಿಗೆ ಊಹಿಸಬಲ್ಲ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಈ ಪದಗಳು ಅರಬ್ಬಿಯಿಂದ ನೇರವಾಗಿ ನಮಗೆ ಬಂದವಲ್ಲ. ಪಾರಸಿ, ಉರ್ದು, ಮರಾಠಿಗಳ ಮೂಲಕ, ಬಹಮನಿ, ಆದಿಲಶಾಹಿ, ಮರಾಠ, ಮೈಸೂರು ಆಡಳಿತಗಳ ದಫ್ತರಗಳಿಂದ ಇಳಿದು ಬಂದವು. ದಾರಿಯಲ್ಲಿ ಧ್ವನಿಯೂ ಬದಲಾಯಿತು, ಅರ್ಥವೂ ಬದಲಾಯಿತು. ನಮ್ಮ ‘ತಕರಾರು’ ಅರಬ್ಬಿಯಲ್ಲಿ ಬರೀ ‘ಪುನರಾವರ್ತನೆ’. ನಮ್ಮ ‘ಗರೀಬ’ ಅಲ್ಲಿ ಬಡವನಲ್ಲ, ಅಪರಿಚಿತ. ಪರಿಚಿತ ಮುಖವೆಂದು ಎಲ್ಲವನ್ನೂ ನಂಬಿದರೆ ಮೋಸ ಹೋಗುವುದು ಖಂಡಿತ.

ಧಾತು ಗೊತ್ತಿಲ್ಲದೆ ಪದಕೋಶವನ್ನು ಬಳಸುವುದೂ ಕಷ್ಟ. ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಜರ್ಮನ್ ವಿದ್ವಾಂಸ ಹಾನ್ಸ್ ವೆಹ್ರ್ ರಚಿಸಿದ ಪದಕೋಶ. 1952ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಇದರ ಇಂಗ್ಲಿಷ್ ಆವೃತ್ತಿ ಜೆ. ಮಿಲ್ಟನ್ ಕೋವನ್ ಅವರ ಸಂಪಾದಕತ್ವದಲ್ಲಿ 1961ರಲ್ಲಿ ಪ್ರಕಟವಾಯಿತು. ಅದರಲ್ಲಿ ಪದಗಳು ತಮ್ಮ ಮೊದಲ ಅಕ್ಷರದ ಕ್ರಮದಲ್ಲಿಲ್ಲ, ಧಾತುಗಳ ಕ್ರಮದಲ್ಲಿವೆ. ಗ್ರಂಥಾಲಯ ಎಂಬರ್ಥದ ‘ಮಕ್ತಬ’ವನ್ನು ಮಕಾರದಲ್ಲಿ ಹುಡುಕಿದರೆ ಸಿಗದು, ಕ-ತ-ಬದ ಕೆಳಗೆ ನೋಡಬೇಕು. ‘ಇತ್ತಿಸಾಲ್’ ಎಂದರೆ ಸಂಪರ್ಕ. ಅದರ ಧಾತು ವ-ಸ-ಲ. ನಮ್ಮ ‘ವಸೂಲು’ ಬಂದದ್ದೂ ಅದರಿಂದಲೇ. ಆದರೆ ಅದರ ವಕಾರ ತಕಾರದಲ್ಲಿ ಕರಗಿಹೋಗಿದೆ. ಕರಗಿದೆ ಎಂದು ತಿಳಿಯದವನಿಗೆ ಪದಕೋಶದಲ್ಲಿ ಆ ಪದ ಸಿಕ್ಕುವುದೇ ಇಲ್ಲ. ಅಂದರೆ ಅರ್ಥ ಹುಡುಕಲು ಹೊರಡುವ ಮೊದಲೇ ಅರ್ಧ ವ್ಯಾಕರಣ ತಿಳಿದಿರಬೇಕು.

ಸಂಸ್ಕೃತ ಓದಿದವರಿಗೆ ಅರಬ್ಬಿಯ ದ್ವಿವಚನ ಹೊಸದೆನಿಸದು. ಆದರೆ ಮನುಷ್ಯರಲ್ಲದ ವಸ್ತುಗಳ ಬಹುವಚನಕ್ಕೆ ಸ್ತ್ರೀಲಿಂಗದ ಏಕವಚನ ಹೊಂದಿಸುವ ನಿಯಮಕ್ಕೆ ಎಲ್ಲರೂ ಒಮ್ಮೆ ಬೆರಗಾಗುತ್ತಾರೆ. ಅಲ್ಲಿ ಪುಸ್ತಕಗಳು ‘ಬಂದವು’ ಎನ್ನುವುದಿಲ್ಲ, ‘ಬಂದಳು’ ಎಂದಂತೆ ಹೇಳುತ್ತಾರೆ. ಇಂಥದ್ದೆಲ್ಲ ಎದುರಾದಾಗ ಹೊಸಬನಿಗೆ ಧೈರ್ಯ ಹೇಳಲು ಒಂದು ಹೆಸರಿದೆ. ಅರಬ್ಬಿ ವ್ಯಾಕರಣದ ಮೊದಲ ಮಹಾಗ್ರಂಥವನ್ನು ಎಂಟನೆಯ ಶತಮಾನದಲ್ಲಿ ಬರೆದ ಸೀಬವೈಹಿ ಹುಟ್ಟಿನಿಂದ ಅರಬನಲ್ಲ, ಪಾರಸಿಕ. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲ್ ಜರ್ಮನ್ ಆಗಿದ್ದಂತೆ.

ತರಗತಿಯ ಭಾಷೆ, ಬೀದಿಯ ಭಾಷೆ

ಈವರೆಗೆ ಹೇಳಿದ್ದೆಲ್ಲ ‘ಫುಸ್‌ಹಾ’ ಎಂಬ ಶಿಷ್ಟ ಅರಬ್ಬಿಗೆ ಸೇರಿದ ವಿಷಯ. ಪತ್ರಿಕೆ, ಪುಸ್ತಕ, ರೇಡಿಯೋ ವಾರ್ತೆ, ಧರ್ಮೋಪದೇಶ, ನ್ಯಾಯಾಲಯ ಎಲ್ಲ ಫುಸ್‌ಹಾದಲ್ಲಿ. ಮೊರಾಕ್ಕೊದಿಂದ ಇರಾಕ್ ತನಕ ಅದು ಬಹುಮಟ್ಟಿಗೆ ಒಂದೇ. 1973ರಲ್ಲಿ ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳ ಸಾಲಿಗೆ ಸೇರಿದ್ದು ಅದೇ. ಆದರೆ ಅದು ಯಾರ ಮನೆಮಾತೂ ಅಲ್ಲ. ತಾಯಿ ಮಗುವನ್ನು ಗದರುವುದು, ಅಂಗಡಿಯವನೊಡನೆ ಚೌಕಾಸಿ ಮಾಡುವುದು, ನಗೆಚಾಟಿಕೆ, ಸಿನಿಮಾ ಎಲ್ಲ ಆಯಾ ನಾಡಿನ ಆಡುಮಾತಿನಲ್ಲಿ. ‘ನಿನಗೇನು ಬೇಕು?’ ಎಂಬುದು ಪುಸ್ತಕದಲ್ಲಿ ‘ಮಾದಾ ತುರೀದ್?’ ಕೈರೋದ ಬೀದಿಯಲ್ಲಿ ‘ಆಯಿಜ್ ಏ?’ ಡಮಾಸ್ಕಸ್ಸಿನಲ್ಲಿ ‘ಶೂ ಬಿದ್ದಕ್?’ ಮೊರಾಕ್ಕೊದಲ್ಲಿ ‘ಶ್ನು ಬ್ಗೀತಿ?’ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆ ಹುಡುಕಬೇಕಾಗುತ್ತದೆ.

ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಬರೆದ ಒಂದು ಹೆಸರಾಂತ ಲೇಖನದಲ್ಲಿ ಒಂದೇ ಸಮಾಜ ಹೀಗೆ ಮೇಲಿನದೊಂದು, ಕೆಳಗಿನದೊಂದು ಭಾಷಾರೂಪವನ್ನು ಬೇರೆ ಬೇರೆ ಸಂದರ್ಭಕ್ಕೆ ಇಟ್ಟುಕೊಳ್ಳುವುದನ್ನು ‘ಡೈಗ್ಲಾಸಿಯ’ ಎಂದು ಕರೆದ. ಅವನು ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ‘ಹೋಗುತ್ತೇನೆ’ ಎಂದು ಬರೆಯುವ ನಾವು ‘ಹೋಗ್ತೀನಿ’ ಎನ್ನುತ್ತೇವೆ. ಧಾರವಾಡದ ಮಾತೇ ಬೇರೆ, ಕುಂದಾಪುರದ್ದೇ ಬೇರೆ. ಆದರೆ ಅರಬ್ಬಿಯಲ್ಲಿ ಈ ಅಂತರ ನಮ್ಮದಕ್ಕಿಂತ ಬಹಳ ದೊಡ್ಡದು.

ಸ್ವಾರಸ್ಯವೆಂದರೆ ಇದೇ ತೊಡಕನ್ನು ಸಾವಿರ ವರ್ಷಗಳ ಹಿಂದೆ ಅರಬ್ಬಿಯಲ್ಲಿ ಬರೆಯುವ ವಿದ್ವಾಂಸನೊಬ್ಬ ನಮ್ಮ ದೇಶದಲ್ಲಿ ಕಂಡಿದ್ದ. ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್‌ಬೆರೂನಿ ಪ್ರಾಯ ಬಂದ ಮೇಲೆ ಸಂಸ್ಕೃತ ಕಲಿತವನು. ಇಲ್ಲಿನ ಭಾಷೆ ಜನರ ಮಾತು, ಪಂಡಿತರ ಮಾತು ಎಂದು ಎರಡಾಗಿ ಒಡೆದಿದೆ, ಒಂದು ವಸ್ತುವಿಗೆ ಹಲವು ಹೆಸರುಗಳಿವೆ, ಇಲ್ಲಿನ ಧ್ವನಿಗಳನ್ನು ತನ್ನ ಲಿಪಿಯಲ್ಲಿ ಹಿಡಿಯಲಾಗದು ಎಂದೆಲ್ಲ ಅವನು ಗ್ರಂಥದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಹೊರಗಿನಿಂದ ಬಂದು ಕಲಿಯುವವನ ಪಾಡು ಎರಡೂ ದಿಕ್ಕಿನಲ್ಲಿ ಒಂದೇ.

ವಿಶ್ವವಿದ್ಯಾಲಯಗಳು ಬಹುಕಾಲ ಫುಸ್‌ಹಾವನ್ನಷ್ಟೇ ಕಲಿಸಿದವು. ‘ಜೈದನು ಅಮ್ರನನ್ನು ಹೊಡೆದನು’ ಎಂಬುದು ಅರಬ್ಬಿ ವ್ಯಾಕರಣದ ಸಾಂಪ್ರದಾಯಿಕ ಉದಾಹರಣೆ. ನಮ್ಮ ‘ರಾಮನು ರಾವಣನನ್ನು ಕೊಂದನು’ ಇದ್ದಂತೆ. ಯೂರೋಪಿನಲ್ಲಿ ಇಂಥ ವಾಕ್ಯಗಳ ಮೇಲೆ ತಲೆಮಾರುಗಳು ಪಳಗಿದವು. ಅವರಲ್ಲಿ ಕಠಿಣ ಹಸ್ತಪ್ರತಿ ಓದಬಲ್ಲವರಿದ್ದರು. ಕೈರೋದಲ್ಲಿ ಒಂದು ಲೋಟ ನೀರು ಕೇಳಲು ತಡವರಿಸುವವರೂ ಇದ್ದರು. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಲ್ಲಿ ಎಷ್ಟೋ ಮಂದಿ ತರಗತಿಯ ಮುಖ ನೋಡದೆ ಅಲ್ಲಿನ ಆಡುಮಾತನ್ನು ಕೆಲಸದ ಜಾಗದಲ್ಲೇ ಕಲಿತಿದ್ದಾರೆ. ಆದರೆ ಆ ಮಾತಿನ ಬಲದಿಂದ ಅರಬ್ಬಿ ಪತ್ರಿಕೆ ಓದಲಾಗುವುದಿಲ್ಲ.

ಅಮೆರಿಕದಲ್ಲಿ ಹೆಚ್ಚು ಬಳಕೆಗೆ ಬಂದ ‘ಅಲ್-ಕಿತಾಬ್’ ಎಂಬ ಪಠ್ಯಪುಸ್ತಕ ಮಾಲೆಯ ಚರಿತ್ರೆಯಲ್ಲಿ ಈ ಚರ್ಚೆಯ ನೆರಳಿದೆ. ಕ್ರಿಸ್ಟನ್ ಬ್ರುಸ್ಟಡ್, ಮಹಮೂದ್ ಅಲ್-ಬತಲ್, ಅಬ್ಬಾಸ್ ಅಲ್-ತೊನ್ಸಿ ಎಂಬ ಮೂವರು ಬರೆದ ಇದು 1995ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂತು. ನ್ಯೂಯಾರ್ಕಿನಲ್ಲಿರುವ ಮಹಾ ಎಂಬ ಹುಡುಗಿಯ ಕಥೆಯ ಸುತ್ತ ಅದರ ಪಾಠಗಳು ಹೆಣೆದುಕೊಂಡಿವೆ. ಅವಳ ತಂದೆ ವಿಶ್ವಸಂಸ್ಥೆಯಲ್ಲಿ ಅನುವಾದಕ. ಹೀಗಾಗಿ ಅನ್ನ, ನೀರು ಎನ್ನಲು ಬಾರದ ಹೊಸಬ ‘ವಿಶ್ವಸಂಸ್ಥೆ’ ಎಂಬ ಪದವನ್ನು ಮೊದಲ ಪಾಠದಲ್ಲೇ ಕಲಿಯುತ್ತಾನೆ. ವಿದ್ಯಾರ್ಥಿಗಳ ನಡುವೆ ಇದು ನಿತ್ಯದ ನಗೆಯ ವಿಷಯ. 2011ರ ಮೂರನೆಯ ಆವೃತ್ತಿಯಲ್ಲಿ ಫುಸ್‌ಹಾದ ಜೊತೆಗೇ ಈಜಿಪ್ಟಿನ ಮತ್ತು ಸಿರಿಯಾದ ಆಡುಮಾತುಗಳನ್ನೂ ಆರಂಭದಿಂದಲೇ ಸೇರಿಸಲಾಯಿತು. ಎರಡು ಭಾಷೆಗಳ ಹೊರೆ ಎಂದು ಗೊಣಗುವವರಿದ್ದಾರೆ. ಅರಬರು ಬದುಕುವುದೇ ಹೀಗೆ, ಕಲಿಯುವವರೂ ಹೀಗೆಯೇ ಕಲಿಯಲಿ ಎನ್ನುವವರೂ ಇದ್ದಾರೆ.

ಗಂಟೆಗಳ ಲೆಕ್ಕ

ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಭಾಷೆಗಳನ್ನು ಕಷ್ಟಕ್ಕನುಸಾರವಾಗಿ ವಿಂಗಡಿಸಿದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಅತಿ ಕಷ್ಟದ ಗುಂಪಿನಲ್ಲಿ ಚೀನಿ, ಜಪಾನಿ, ಕೊರಿಯನ್‌ಗಳ ಜೊತೆ ಅರಬ್ಬಿ ಇದೆ. ಉದ್ಯೋಗಕ್ಕೆ ಸಾಕಾಗುವಷ್ಟು ಹಿಡಿತಕ್ಕೆ 88 ವಾರ, 2,200 ತರಗತಿ ಗಂಟೆ ಬೇಕೆಂದು ಅದರ ಅಂದಾಜು. ಫ್ರೆಂಚ್, ಸ್ಪ್ಯಾನಿಷ್‌ಗಳಿಗೆ ಸುಮಾರು ಮೂರನೇ ಒಂದು ಭಾಗ ಸಾಕು.

ವಿಶ್ವವಿದ್ಯಾಲಯದಲ್ಲಿ ವಾರಕ್ಕೆ 5 ಗಂಟೆ, ವರ್ಷಕ್ಕೆ 30 ವಾರ ಎಂದಿಟ್ಟುಕೊಳ್ಳಿ. 150 ಗಂಟೆಯಾಯಿತು. ಈ ವೇಗದಲ್ಲಿ 2,200 ಗಂಟೆ ತುಂಬಲು ಹದಿನಾಲ್ಕು ವರ್ಷಕ್ಕೂ ಹೆಚ್ಚು ಬೇಕು! ಆದ್ದರಿಂದಲೇ ಬೇಸಿಗೆಯ ತೀವ್ರ ಶಿಬಿರಗಳು, ಅರಬ್ ನಾಡಿಗೆ ಹೋಗಿ ಒಂದು ವರ್ಷ ಇದ್ದು ಕಲಿಯುವ ಏರ್ಪಾಡುಗಳು ಹುಟ್ಟಿದವು. ಅಮೆರಿಕದ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಶಾಲೆಯಲ್ಲಿ ಕಲಿಯುವ ಭಾಷೆಯ ಹೊರತು ಬೇರೆ ಮಾತಾಡುವುದಿಲ್ಲ ಎಂದು ವಿದ್ಯಾರ್ಥಿ ಪ್ರತಿಜ್ಞೆಗೆ ಸಹಿ ಹಾಕಬೇಕು. ಭಾಷೆ ಕಲಿಯುವ ಉತ್ಸಾಹ ರಾಜಕೀಯದ ಗಾಳಿಗೂ ಏರಿಳಿಯುತ್ತದೆ. ಅಲ್ಲಿನ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಣಿಕೆಯಂತೆ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅರಬ್ಬಿಗೆ ಸೇರಿದವರು 2002ರಲ್ಲಿ ಸುಮಾರು 10,600. 2006ರಲ್ಲಿ ಸುಮಾರು 24,000. 2001ರ ಸೆಪ್ಟೆಂಬರ್ ದಾಳಿಯ ನಂತರದ ವರ್ಷಗಳವು. ಒಂದೇ ಬೆಂಚಿನಲ್ಲಿ ಗುಪ್ತಚರ ಇಲಾಖೆಯ ಕೆಲಸ ಬಯಸುವವನು, ಪ್ರಾರ್ಥನೆಯ ಭಾಷೆಯನ್ನು ಅರಿಯಬಯಸುವವನು, ಅಜ್ಜಿಯೊಡನೆ ಮಾತಾಡಬಯಸುವವಳು, ಹಸ್ತಪ್ರತಿ ಓದಬಯಸುವವಳು ಕೂಡಿ ಕೂತರೆ ಅಧ್ಯಾಪಕ ಯಾರಿಗೆ ಯಾವ ಅರಬ್ಬಿ ಕಲಿಸಬೇಕು?

ಏಡನ್‌ನಿಂದ ಮಂಗಳೂರಿಗೆ ಬಂದ ಕಾಗದ

ಆಯ್ಕೆಯ ಫಲ ಏನಾಗಬಹುದು ಎಂಬುದಕ್ಕೆ ಒಂದು ನಿಜವಾದ ನಿದರ್ಶನವಿದೆ. ಅದು ನಮ್ಮ ನೆಲಕ್ಕೇ ಬಂದು ಮುಟ್ಟುತ್ತದೆ. 1978ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ಗ್ರಂಥಾಲಯದಲ್ಲಿ ಮಧ್ಯಯುಗದ ಯಹೂದಿ ವರ್ತಕರ ಪತ್ರಗಳ ಅನುವಾದ ಸಂಪುಟವೊಂದನ್ನು ಕಂಡ. ಎಸ್.ಡಿ. ಗೊಯಿಟೀನ್ ಎಂಬ ಮಹಾವಿದ್ವಾಂಸ 1973ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಅದರಲ್ಲಿ ಏಡನ್‌ನ ವರ್ತಕ ಖಲಫ್ ಇಬ್ನ್ ಇಸಾಕ್ 1148ರಲ್ಲಿ ಮಂಗಳೂರಿನಲ್ಲಿದ್ದ ತನ್ನ ಗೆಳೆಯ ಅಬ್ರಹಾಂ ಬೆನ್ ಯಿಜುವಿಗೆ ಬರೆದ ಪತ್ರವಿತ್ತು. ಸರಕಿನ ಲೆಕ್ಕಗಳ ನಡುವೆ ಖಲಫ್ ಆ ಗೆಳೆಯನ ಆಳಿಗೂ ತನ್ನ ನಮಸ್ಕಾರ ಹೇಳಿಕಳಿಸಿದ್ದ. ಆ ಆಳು ಯಾರು ಎಂಬ ಕುತೂಹಲ ವಿದ್ಯಾರ್ಥಿಯನ್ನು ಬಿಡಲಿಲ್ಲ. ಆತ ಮುಂದೆ 2018ರ ಸಾಲಿನ ಜ್ಞಾನಪೀಠ ಪಡೆದ ಕಾದಂಬರಿಕಾರ ಅಮಿತಾವ್ ಘೋಷ್.

ಘೋಷ್ 1979ರಲ್ಲಿ ಟ್ಯುನೀಸಿಯಾದ ರಾಜಧಾನಿ ಟ್ಯೂನಿಸ್‌ನ ಬುರ್ಗೀಬಾ ಭಾಷಾ ಸಂಸ್ಥೆಯಲ್ಲಿ ಅರಬ್ಬಿಯನ್ನು ಮೊದಲಿನಿಂದ ಕಲಿತರು. 1980ರಲ್ಲಿ ಸಂಶೋಧನೆಗಾಗಿ ಈಜಿಪ್ಟಿನ ನೈಲ್ ಮುಖಜಭೂಮಿಯ ಹಳ್ಳಿಯೊಂದರಲ್ಲಿ ನೆಲೆಸಿದರು. ಅಲ್ಲಿ ಕಿವಿಗೆ ಬಿದ್ದದ್ದು ರೈತರ ಆಡುಮಾತು. ಪುಸ್ತಕದ ಅರಬ್ಬಿಯವರು ಒರಟೆಂದು ಬದಿಗಿಡುವ ಮಾತು. 1982ರಲ್ಲಿ ಪ್ರಬಂಧ ಮುಗಿಯಿತು. ಮಂಗಳೂರಿನ ಆಳು ಮಾತ್ರ ತಲೆಯಲ್ಲಿ ಉಳಿದೇ ಇದ್ದ.

ಆ ಪತ್ರಗಳು ಉಳಿದುಬಂದ ಕಥೆಯೂ ಸಣ್ಣದಲ್ಲ. ದೇವರ ಹೆಸರು ಇರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬುದು ಯಹೂದಿಗಳ ಸಂಪ್ರದಾಯ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ‘ಗೆನೀಜಾ’ ಎಂಬ ಕೋಣೆಯಲ್ಲಿ ಹೀಗೆ ಶತಮಾನಗಳ ಕಾಗದ ಬಿದ್ದುಕೊಂಡಿತ್ತು. 1896–97ರಲ್ಲಿ ಸೊಲೊಮನ್ ಶೆಕ್ಟರ್ ಅದರಲ್ಲಿ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದ. ವರ್ತಕರ ಪತ್ರಗಳ ಭಾಷೆ ಅರಬ್ಬಿ, ಲಿಪಿ ಮಾತ್ರ ಹೀಬ್ರೂ. ಫುಸ್‌ಹಾದ ಕಟ್ಟುನಿಟ್ಟಿಗೆ ಒಳಪಡದ, ಅವರ ಕಾಲದ ಆಡುಮಾತಿಗೆ ಹತ್ತಿರವಾದ ಅರಬ್ಬಿ ಅದು. ಬೆನ್ ಯಿಜು ಕೂಡ ಮೂಲತಃ ಟ್ಯುನೀಸಿಯಾದವನೇ. ಘೋಷ್ ಆ ಲಿಪಿಯನ್ನೂ ಕಲಿತು ಪತ್ರಗಳನ್ನು ಓದತೊಡಗಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಈಜಿಪ್ಟಿನ ಹಳ್ಳಿಯಲ್ಲಿ ಕೇಳಿ ಕಲಿತ ಮಾತಿಗೂ ಹನ್ನೆರಡನೆಯ ಶತಮಾನದ ಆ ಬರಹಕ್ಕೂ ಬಹಳ ಹತ್ತಿರದ ನಂಟಿತ್ತು. ಗಣ್ಯರು ಕೀಳೆಂದ ಅರಬ್ಬಿಯೇ ಹಳೆಯ ಕಾಗದಗಳ ಬೀಗಕ್ಕೆ ಕೀಲಿಯಾಯಿತು.

ಆದರೂ ಒಂದು ಗಂಟು ಉಳಿಯಿತು, ಆಳಿನ ಹೆಸರು. ಹೀಬ್ರೂ ಲಿಪಿಯಲ್ಲೂ ಅರಬ್ಬಿಯಂತೆ ಹ್ರಸ್ವಸ್ವರ, ದ್ವಿತ್ವಗಳು ಕಾಣಿಸುವುದಿಲ್ಲ. ಹಿಡಿದುಕೊಳ್ಳಲು ಇದ್ದದ್ದು ಬಕಾರ, ಮಕಾರಗಳು. ಗೊಯಿಟೀನ್ ಅದನ್ನು ‘ಬಾಮ’ ಎಂದು ಓದಿದ್ದ. ಘೋಷ್ ಮಂಗಳೂರಿಗೆ ಬಂದು ತುಳು ಜಾನಪದದ ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವು ಪಡೆದರು. ಆ ಎಲುಬಿಗೆ ಜೀವ ತುಂಬುವ ಸ್ವರಗಳು ಅರಬ್ಬಿಯಲ್ಲಿ ಇರಲಿಲ್ಲ, ಈ ನೆಲದಲ್ಲಿದ್ದವು. ‘ಬ್ರಹ್ಮ’ನ ತದ್ಭವ, ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು: ಬೊಮ್ಮ. ಈ ಶೋಧದ ಕಥೆಯನ್ನು ಘೋಷ್ 1992ರಲ್ಲಿ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಎಂಬ ಪುಸ್ತಕವಾಗಿ ಪ್ರಕಟಿಸಿದರು.

ಎಂಟುನೂರು ವರ್ಷಗಳ ಹಿಂದೆ ಒಡೆಯನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸಿದ ಕರಾವಳಿಯ ಸಾಮಾನ್ಯನೊಬ್ಬನಿಗೆ ಹೀಗೆ ಅವನ ಹೆಸರು ಮರಳಿ ಸಿಕ್ಕಿತು. ರಾಜರ ಶಾಸನಗಳಲ್ಲಿ ಇಂಥವರಿಗೆ ಜಾಗ ಸಿಗುವುದು ಅಪರೂಪ. ವರ್ತಕರ ಅವಸರದ ಬರಹದಲ್ಲಿ ಅವನಿಗೆ ಜಾಗವಿತ್ತು. ಓದುವವರು ಬೇಕಿತ್ತು, ಅಷ್ಟೇ.

ಕರ್ನಾಟಕದ ಚರಿತ್ರೆಗೆ ಬೇಕಾದ ಅರಬ್ಬಿ ಆಕರಗಳು ಇನ್ನೂ ಇವೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರ ಸುಮಾರಿಗೆ ಕಟ್ಟಿಸಿದ ಮದರಸಾದ ಮುಖಭಾಗದ ಹೆಂಚುಗಳಲ್ಲಿ ಅರಬ್ಬಿ ಬರಹವಿದೆ. ಪೋರ್ಚುಗೀಸರೊಡನೆ ಮಲಬಾರಿನ ಮುಸ್ಲಿಮರ ಹೋರಾಟವನ್ನು ಬಣ್ಣಿಸುವ ಹದಿನಾರನೆಯ ಶತಮಾನದ ‘ತುಹ್‌ಫತುಲ್ ಮುಜಾಹಿದೀನ್’ ಅರಬ್ಬಿಯದು. ಆದರೆ ವಿಜಯನಗರವನ್ನು ಕಂಡು ಬರೆದ ಅಬ್ದುಲ್ ರಜಾಕನ ವೃತ್ತಾಂತವೂ ಫೆರಿಷ್ತನ ಇತಿಹಾಸವೂ ಪಾರಸಿಯವು. ಲಿಪಿ ಒಂದೇ ಎಂದು ಅರಬ್ಬಿ ತರಗತಿಗೆ ಸೇರಿ ಎರಡು ವರ್ಷ ಕಳೆದರೂ ಅವನ್ನು ಓದಲಾಗದು. ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಹೊಸಬನಿಗೆ ಅನುಭವಿಗಳು ಹೇಳುವ ಹಿತವಚನ ಇಷ್ಟು: ಯಾರ ಮಾತು ಕೇಳಬೇಕಾಗಿದೆ ಎಂಬುದನ್ನು ಮೊದಲು ನಿಶ್ಚಯಿಸಿಕೊ. ಪಂಡಿತರ ಗ್ರಂಥವೇ ಗುರಿಯಾದರೆ ಫುಸ್‌ಹಾ ಹಿಡಿ. ಎರಡು ಮೂರು ವರ್ಷದ ನಿಷ್ಠೆಯಿಂದ ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದುವಷ್ಟಾದರೂ ಆಗಬಹುದು. ಬದುಕಿರುವ ಜನರ ನಡುವೆ ಕೆಲಸವಾದರೆ ಅವರ ಬೀದಿಯ ಮಾತನ್ನು ನಾಚದೆ ಕಲಿ. ವರ್ತಕರ, ಕೂಲಿಗಳ, ಆಳುಗಳ ಕಾಗದಗಳಾದರೆ ಎರಡೂ ಬೇಕು. ದೆಹಲಿಯ ಜವಾಹರಲಾಲ್ ನೆಹರೂ, ಅಲಿಗಢ, ಉಸ್ಮಾನಿಯ, ಕ್ಯಾಲಿಕಟ್ ವಿಶ್ವವಿದ್ಯಾಲಯಗಳಲ್ಲಿ ಅರಬ್ಬಿ ವಿಭಾಗಗಳಿವೆ. ಗೊಯಿಟೀನ್ ಬಹುಕಾಲ ಕೂಡಿಹಾಕಿದ್ದ ಭಾರತ ವ್ಯಾಪಾರದ ಪತ್ರಗಳು ಮೊರ್ದೆಕೈ ಫ್ರೀಡ್‌ಮನ್ ಅವರ ಶ್ರಮದಿಂದ 2008ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಗಿವೆ. ಆ ಪತ್ರಗಳಲ್ಲಿ ಈ ಕರಾವಳಿಯ ಊರುಗಳ, ನಾಖುದರ, ವರ್ತಕರ ಹೆಸರುಗಳು ಸ್ವರವಿಲ್ಲದ ವ್ಯಂಜನಗಳಾಗಿ ಬಂದುಹೋಗುತ್ತವೆ. ಅವನ್ನು ಸರಿಯಾಗಿ ಉಚ್ಚರಿಸಲು ಕನ್ನಡವನ್ನೂ ತುಳುವನ್ನೂ ಬಲ್ಲ ಕಿವಿಯೊಂದು ಬೇಕು. ಅಂಥ ಕಿವಿಯುಳ್ಳ ಹುಡುಗನೋ ಹುಡುಗಿಯೋ ಎಂ.ಎ. ಮುಗಿಸಿದ ಮೇಲೂ ಅಲಿಫ್, ಬಾ, ತಾ ತಿದ್ದಲು ನಾಚದಿದ್ದರೆ ಇನ್ನೂ ಕೆಲವು ಹೆಸರುಗಳು ನಮಗೆ ದಕ್ಕಿಯಾವು.